ಕಂಬದ ಪಕ್ಕದ ಜಾಗ

ಮಾರ್ಚ್ 29, ಭಾನುವಾರ

ಈ ಡೈರಿ ಹೆಂಡತಿ ಕೊಟ್ಟದ್ದು. ಕೊಟ್ಟದ್ದು ಅನ್ನುವುದಕ್ಕಿಂತ ಎಸೆದದ್ದು ಅನ್ನಬೇಕು. "ಐದು ದಿನದಿಂದ ಬಾಯಿ ಮುಚ್ಚಿಲ್ಲ ನೀವು. ನನ್ನ ಕಿವಿ ಏನು ಬಸ್ ಸ್ಟ್ಯಾಂಡಾ? ಏನಿದ್ರೂ ಇದರಲ್ಲಿ ಬರ್ಕೊಳ್ಳಿ" ಎಂದಳು. ಹೊಸ ವರ್ಷಕ್ಕೆ ಡಿಪೋದವರು ಕೊಟ್ಟಿದ್ದ ಡೈರಿ. ಮೊದಲ ನಾಲ್ಕು ಪುಟಗಳಲ್ಲಿ ಅವಳ ಹೊಲಿಗೆ ಗಿರಾಕಿಗಳ ಎದೆ, ತೋಳು, ಸೊಂಟದ ಅಳತೆಗಳಿವೆ. ಐದನೇ ಪುಟದಿಂದ ನಾನು.

ಇಪ್ಪತ್ತೇಳು ವರ್ಷದಿಂದ ಬಸ್ ಕಂಡಕ್ಟರ್. ದಿನಕ್ಕೆ ಎಂಟು ಗಂಟೆ ನಿಂತು, ನಡೆದು, ಕೂಗಿ ಬದುಕಿದವನನ್ನು ಲಾಕ್‌ಡೌನ್ ಅಂತ ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಕೂಡಿಹಾಕಿದರೆ ಏನಾಗಬೇಕು? ಬಾಗಿಲಿನಿಂದ ಕಿಟಕಿಗೆ ಒಂಬತ್ತು ಹೆಜ್ಜೆ. ಅಡುಗೆಮನೆ ಸುತ್ತಿ ಬಂದರೆ ಹದಿನಾಲ್ಕು. ಬೆಳಗ್ಗೆಯಿಂದ ಎಷ್ಟು ಟ್ರಿಪ್ ಹೊಡೆದೆನೋ ಲೆಕ್ಕವಿಲ್ಲ. ಹೊಲಿಗೆ ಯಂತ್ರದ ಹತ್ತಿರ ತಿರುಗುವಾಗ ಅಭ್ಯಾಸಬಲದಿಂದ "ಮುಂದೆ ಹೋಗಿ, ಮುಂದೆ ಹೋಗಿ" ಅಂದುಬಿಟ್ಟೆ. ಅವಳು ಕತ್ತರಿ ಕೆಳಗಿಟ್ಟು ನೋಡಿದ ನೋಟ ಇದೆಯಲ್ಲ, ಅದನ್ನು ಬರೆಯುವುದು ಬೇಡ.

ಇವತ್ತು ಚರ್ಚಿಗೆ ಬೀಗ. ಇಪ್ಪತ್ತೆರಡು ವರ್ಷದಲ್ಲಿ ನಾನು ಕ್ವಾಯರ್ ತಪ್ಪಿಸಿದ್ದು ಎರಡೇ ಸಲ. ಒಮ್ಮೆ ಕಾಲು ಮುರಿದಾಗ, ಒಮ್ಮೆ ಅಪ್ಪ ತೀರಿಕೊಂಡಾಗ. ಬೀಗ ಎಂದು ಗೊತ್ತಿದ್ದೂ ಎಂಟು ಗಂಟೆಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಕುರ್ಚಿಯಲ್ಲಿ ಕೂತೆ. ಹತ್ತು ಗಂಟೆಯವರೆಗೂ ಕೂತಿದ್ದು ಆಮೇಲೆ ಬಿಚ್ಚಿಟ್ಟೆ.

ಹಿಂದಿನ ಸಾಲು, ಬಲಗಡೆ ಕೊನೆ, ಕಂಬದ ಪಕ್ಕ. ಅದು ನನ್ನ ಜಾಗ. ತಗ್ಗಿನ ಧ್ವನಿಯಲ್ಲಿ ಹಾಡುವ ಗಂಡಸರು ನಾವು ನಾಲ್ಕು ಜನ, ಆ ನಾಲ್ವರಿಗೂ ನಾನೇ ಆಧಾರ. ಸೇರಿದ ಮೊದಲ ದಿನ, ನಮಗೆಲ್ಲ ಹಾಡಿಸುವ ಮೇಷ್ಟ್ರು ನನ್ನ ಹಾಡು ಕೇಳಿ, ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಿದ್ದು, "ನೀನು ಆ ಕಂಬದ ಹತ್ತಿರ ನಿಂತ್ಕೊಳ್ಳಯ್ಯಾ" ಎಂದಿದ್ದರು. ಕಟ್ಟಡಕ್ಕೆ ಕಂಬ, ಕ್ವಾಯರಿಗೆ ನಾನು. ಅವತ್ತಿನಿಂದ ಆ ಜಾಗದಲ್ಲಿ ಬೇರೆ ಯಾರೂ ಕಾಲಿಟ್ಟಿಲ್ಲ.

ಏಪ್ರಿಲ್ 2, ಗುರುವಾರ

ಪಾಸ್ಟರ್ ಫೋನ್ ಮಾಡಿದ್ದರು. ಸಭೆಯಲ್ಲಿ ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಿ, ಒಬ್ಬೊಬ್ಬರನ್ನು ಒಬ್ಬೊಬ್ಬರಿಗೆ ವಹಿಸಿದ್ದಾರೆ. ದಿನಾ ಸಂಜೆ ಆರಕ್ಕೆ ಫೋನ್ ಮಾಡಿ ವಿಚಾರಿಸಬೇಕು. ನನ್ನ ಪಾಲಿಗೆ ಮೇಷ್ಟ್ರೇ ಬಂದಿದ್ದಾರೆ.

ಮೇಷ್ಟ್ರಿಗೆ ಎಪ್ಪತ್ತೆಂಟು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಹೆಂಡತಿ ಹೋಗಿ ಒಂಬತ್ತು ವರ್ಷ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಕೋಣೆ, ಒಂದು ಹಳೆಯ ಹಾರ್ಮೋನಿಯಂ, ಗುಂಡಿ ಒತ್ತುವ ಫೋನು. ಮೊದಲ ದಿನವೇ ಕೇಳಿದರು, "ಏನಯ್ಯಾ ಕಂಡಕ್ಟ್ರೇ, ಬದುಕಿದ್ದೀನೋ ಇಲ್ವೋ ಅಂತ ಚೆಕಿಂಗಾ?"

ಇನ್ನೊಂದು ಸಮಾಚಾರ. ಈಸ್ಟರ್ ಭಾನುವಾರಕ್ಕೆ ನಾವೆಲ್ಲ ನಮ್ಮ ನಮ್ಮ ಮನೆಯಲ್ಲೇ ಫೋನಿಗೆ ಹಾಡಿ ಕಳಿಸಬೇಕಂತೆ. ಪಾಸ್ಟರ್ ಹೆಂಡತಿ, ನಮ್ಮೆಲ್ಲರ ಪಾಸ್ಟರಮ್ಮ, ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುವವರು. ಅವರು ಎಲ್ಲವನ್ನೂ ಜೋಡಿಸಿ ಒಂದು ಹಾಡು ಮಾಡುತ್ತಾರಂತೆ. ಹಾಡು ಯಾವುದು? ನಮ್ಮ ಸಂಜೆಯ ಕೀರ್ತನೆ! ಅದಕ್ಕೆ ವಾದ್ಯ ಇಲ್ಲ. ಆರ್ಗನ್ ಒಂದೇ ಒಂದು ಸ್ವರ ಕೊಟ್ಟು ಸುಮ್ಮನಾಗುತ್ತದೆ, ಮೇಷ್ಟ್ರು ಕೈ ಎತ್ತುತ್ತಾರೆ, ನಾವು ಹಿಡಿಯುತ್ತೇವೆ. ನಮ್ಮ ಚರ್ಚು ಕಟ್ಟಿದಾಗಿನಿಂದ ಹಾಗೇ.

ಕೈ ಎತ್ತುತ್ತಾರೆ ಎಂದೆ. ನಿಜ ಹೇಳಬೇಕೆಂದರೆ ಐದಾರು ವರ್ಷದಿಂದ ಆ ಕೈ ನಡುಗುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಒಂದೂ ತಿಳಿಯುವುದಿಲ್ಲ. ನಾವ್ಯಾರೂ ಅವರ ಮುಂದೆ ಆ ಮಾತು ಎತ್ತಿದವರಲ್ಲ. ಪಾಪ, ಮುದುಕ ನೊಂದುಕೊಳ್ಳುತ್ತಾನೆ. ನಾನಂತೂ ಕೈ ನೋಡುವುದೇ ಇಲ್ಲ, ಭುಜ ನೋಡುತ್ತೇನೆ. ಬಸ್ಸಿನಲ್ಲೂ ಅಷ್ಟೇ. ಡ್ರೈವರನ ಭುಜ ಇಳಿದರೆ ಗೇರು ಬಿತ್ತೆಂದು ಅರ್ಥ, ಅಷ್ಟರೊಳಗೆ ಕಂಬಿ ಹಿಡಿದಿರಬೇಕು.

ಏಪ್ರಿಲ್ 5, ಭಾನುವಾರ

ಹಾಡಿ ಕಳಿಸುವುದೆಂದರೆ ಸುಲಭ ಅಂದುಕೊಂಡಿದ್ದೆ. ಮೊದಲ ಸಲ ಹಾಡಿದಾಗ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಛಾವಣಿ ಬಡಿದರು. ಎರಡನೇ ಸಲಕ್ಕೆ ಪ್ರೆಶರ್ ಕುಕ್ಕರ್ ಕೂಗಿತು. ಕೊನೆಗೆ ಬಟ್ಟೆಯ ಕಪಾಟಿನ ಬಾಗಿಲು ತೆಗೆದು, ತಲೆಯನ್ನು ಒಳಗೆ ತೂರಿಸಿ, ಮೇಲೊಂದು ಕಂಬಳಿ ಹೊದ್ದು ಹಾಡಿದೆ. ಬೆವರು ಇಳಿದು ಕಣ್ಣಿಗೆ ಹೋಯಿತು.

ಏಳನೇ ಸಲ ಚೆನ್ನಾಗಿ ಬಂದಿತ್ತು. ತಿರುಗಿ ಕೇಳಿದರೆ ಹಿಂದೆ ಯಾರೋ ಹೆಂಗಸು ಮೆಲ್ಲಗೆ ಗುನುಗುತ್ತಿದ್ದಾಳೆ. ಇವಳೇ! ಯಂತ್ರ ತುಳಿಯುತ್ತಾ ತನ್ನ ಪಾಡಿಗೆ ನನ್ನ ಹಾಡು ಹಾಡುತ್ತಿದ್ದಳು.

"ನಾನಿಲ್ಲಿ ದೇವರ ಕೆಲಸ ಮಾಡ್ತಿದ್ದೀನಿ. ನಿನ್ನ ಗುಂಯ್ ಗುಂಯ್ ನಿಲ್ಸು ಮಾರಾಯ್ತಿ" ಎಂದೆ.

"ನಾನೂ ದೇವರ ಕೆಲಸಾನೇ ಮಾಡ್ತಿರೋದು. ನಾಳೆಯೊಳಗೆ ನಲವತ್ತು ಮಾಸ್ಕ್ ಹೊಲಿಯೋದಿದೆ" ಎಂದಳು. ಆದರೆ ನಿಲ್ಲಿಸಿದಳು.

ಮಗಳು ಹಸುಗೂಸಾಗಿದ್ದಾಗ ಇವಳೂ ಒಮ್ಮೆ ಕ್ವಾಯರ್ ಸೇರುತ್ತೇನೆ ಅಂದಿದ್ದಳು. ಇಬ್ಬರೂ ಅಲ್ಲಿ ಹೋಗಿ ನಿಂತರೆ ಕೂಸನ್ನು ನೋಡಿಕೊಳ್ಳುವವರು ಯಾರು? ಮನೆಗೊಬ್ಬರು ಸಾಕು ಅಂದಿದ್ದೆ. ಈಗ ಮಗಳಿಗೇ ಮಗುವಾಗಿದೆ.

ಹದಿನೇಳನೇ ಸಲ ಹಾಡಿದ್ದನ್ನು ಕಳಿಸಿದೆ. ಬಿಡಿ, ಪಾಸ್ಟರಮ್ಮನಿಗೆ ಕಣ್ಣೀರು ಬರುವುದು ಖಂಡಿತ.

ಏಪ್ರಿಲ್ 12, ಈಸ್ಟರ್ ಭಾನುವಾರ

ಬೆಳಗ್ಗೆ ವಿಡಿಯೋ ಬಂತು. ಇಪ್ಪತ್ತನಾಲ್ಕು ಪುಟ್ಟ ಪುಟ್ಟ ಕಿಟಕಿ, ಒಂದೊಂದರಲ್ಲೂ ಒಂದೊಂದು ಮುಖ. ಒಬ್ಬರ ಹಿಂದೆ ಫ್ರಿಜ್ಜು, ಒಬ್ಬರ ಹಿಂದೆ ಒಣಹಾಕಿದ ಟವೆಲು. ಕೆಳಗಿನ ಸಾಲಿನ ಕೊನೆಯಲ್ಲಿ ನಾನು, ಹಿಂದೆ ನಮ್ಮ ಕಪಾಟು. ಎಲ್ಲರನ್ನೂ ಒಟ್ಟಿಗೆ ನೋಡಿ ಎದೆ ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಶುರು ಮಾತ್ರ ಕೆಟ್ಟಿತ್ತು. ಬಸ್ಸು ಹೊರಟ ಮೇಲೆ ಓಡಿ ಬಂದು ಹತ್ತುವವರ ಹಾಗೆ ಒಬ್ಬೊಬ್ಬರು ಒಂದೊಂದು ಕಡೆ ಹತ್ತಿಕೊಂಡರು. ಪಾಸ್ಟರಮ್ಮ ಆರ್ಗನ್ ಸ್ವರ ಕಳಿಸಿ, ನಾಲ್ಕು ಎಣಿಸಿ ಶುರು ಮಾಡಿ ಎಂದು ಬರೆದಿದ್ದರು. ಎಣಿಕೆ ಒಬ್ಬೊಬ್ಬರದು ಒಂದೊಂದು ಥರ ಆಗಿಬಿಟ್ಟಿದೆ.

ಎರಡನೇ ಸಲ ಕೇಳುವಾಗ ನನ್ನ ಧ್ವನಿ ಹುಡುಕಿದೆ. ಮೂರನೇ ಸಲ ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಮೂರನೇ ಚರಣದ ಕೊನೆಯಲ್ಲಿ ನಾನು ಉಳಿದವರಿಗಿಂತ ಸ್ವಲ್ಪ ಉದ್ದ ಎಳೆಯುತ್ತೇನೆ, ಅದು ನನ್ನ ಗುರುತು. ಅದೂ ಇಲ್ಲ. ಬಾಯಿ ತೆರೆಯುತ್ತಿದೆ, ಮುಚ್ಚುತ್ತಿದೆ, ಕುತ್ತಿಗೆಯ ನರ ಉಬ್ಬುತ್ತಿದೆ. ಧ್ವನಿ ಇಲ್ಲ!

ಪಾಸ್ಟರಮ್ಮನಿಗೆ ಫೋನ್ ಮಾಡಿದೆ. "ಅಯ್ಯೋ ಅಣ್ಣಾ, ನಿಮ್ಮ ಫೈಲಲ್ಲಿ ಏನೋ ತೊಂದ್ರೆ ಆಗಿತ್ತು ಅನ್ಸುತ್ತೆ" ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಟಿಕೆಟ್ ತೆಗೆದುಕೊಳ್ಳದವರ ದನಿ ನನಗೆ ಗೊತ್ತಾಗದೆ ಇರುತ್ತದೆಯೇ?

ಸಂಜೆ ಮೇಷ್ಟ್ರಿಗೆ ಫೋನ್ ಮಾಡಲಿಲ್ಲ.

ಏಪ್ರಿಲ್ 13, ಸೋಮವಾರ

"ನನ್ನ ಧ್ವನಿ ಯಾಕೆ ಇಲ್ಲ ಅದರಲ್ಲಿ?" ಎಂದು ಇವಳನ್ನು ಕೇಳಿದೆ.

"ಟೀ ಆರ್ತಿದೆ, ಕುಡೀರಿ."

"ನಿನಗೆ ಗೊತ್ತು."

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಆದ ಮೇಲೇ ತಲೆ ಎತ್ತಿದ್ದು. "ರೀ, ನಿಮ್ಮ ಧ್ವನಿ ದೊಡ್ಡದು. ಚೆನ್ನಾಗಿದೆ. ಆದ್ರೆ ಶ್ರುತಿ ನಿಲ್ಲಲ್ಲ."

"ಯಾವಾಗಿಂದ?"

"ಯಾವಾಗಿಂದ ಅಂದ್ರೆ? ನಮ್ಮ ಮದುವೆಗೆ ಮುಂಚೆಯಿಂದ."

ನಾನು ಫೋನು ಹಳೆಯದು ಎಂದೆ, ಕಪಾಟಿನೊಳಗೆ ಗಾಳಿ ಇರಲಿಲ್ಲ ಎಂದೆ, ಕಂಬಳಿಯ ನೂಲು ಗಂಟಲಿಗೆ ಹೋಗಿತ್ತು ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವೇ ಕೇಳಿ ನೋಡಿ" ಎಂದು ಫೋನನ್ನು ನನ್ನ ಕೈಗೆ ತುರುಕಿದಳು.

ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡು ಹದಿನೇಳನೆಯದನ್ನು ಕೇಳಿದೆ. ಬಕೆಟ್ಟಿನ ಮೇಲೆ ಕೂತು ಕೇಳಿದೆ. ಇಷ್ಟು ದಿನ ಕೇಳಿದ್ದು ನನ್ನ ಹಾಡನ್ನಲ್ಲ, ನಾನು ಹಾಡುತ್ತಿದ್ದೇನೆ ಎನ್ನುವ ಖುಷಿಯನ್ನು. ಈಗ ಕೇಳಿದರೆ ಯಾರೋ ಗಂಡಸು ಬಸ್ಸು ತಪ್ಪಿ ಅದರ ಹಿಂದೆ ಓಡುತ್ತಿರುವಂತಿದೆ. ಹತ್ತಿರ ಬರುತ್ತಾನೆ, ಸಿಗುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹೊರಗೆ ಬಂದು, "ಇಪ್ಪತ್ತೆರಡು ವರ್ಷ ಯಾಕೆ ಹೇಳ್ಲಿಲ್ಲ ನೀನು?" ಎಂದೆ.

"ಕೇಳಿದ್ರಾ?" ಎಂದಳು.

ಏಪ್ರಿಲ್ 14, ಮಂಗಳವಾರ

ಬರೆಯಲು ಏನಿಲ್ಲ.

ಏಪ್ರಿಲ್ 16, ಗುರುವಾರ

ಎರಡನೇ ಮಹಡಿಯ ಮನೆಯೊಂದರಲ್ಲಿ ಇಬ್ಬರಿಗೆ ಕಾಯಿಲೆ ಬಂದಿದೆ. ಮಧ್ಯಾಹ್ನ ನಾಲ್ಕು ಜನ ಬಂದು ಕಟ್ಟಡದ ಗೇಟಿಗೆ ತಗಡಿನ ಹಾಳೆ ಹೊಡೆದು ಹೋದರು. ಇಪ್ಪತ್ತೆಂಟು ದಿನ ಯಾರೂ ಕೆಳಗಿಳಿಯುವಂತಿಲ್ಲ. ಹಾಲು, ತರಕಾರಿ ಎಲ್ಲ ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಮೇಲಕ್ಕೆ ಬರಬೇಕು. ಮೊಳೆ ಹೊಡೆಯುವ ಸದ್ದು ಅರ್ಧ ಗಂಟೆ ಕೇಳಿಸಿತು. ಮೊದಲು ಬೀದಿಯ ತಿರುವಿನವರೆಗಾದರೂ ಹೋಗಿ ಬರುತ್ತಿದ್ದೆ. ಈಗ ಒಂಬತ್ತು ಹೆಜ್ಜೆ, ಹದಿನಾಲ್ಕು ಹೆಜ್ಜೆ, ಮುಗಿಯಿತು. ಕಿಟಕಿಯ ಸರಳು ಹಿಡಿದು ನಿಂತೆ. ಇವಳು ಬಂದು ಬೆನ್ನ ಮೇಲೆ ಕೈಯಿಟ್ಟಳು. ಬೈಯಲಿಲ್ಲ.

ನಾನು ಕ್ವಾಯರ್ ಬಿಡುತ್ತೇನೆ ಎಂದು ಗುಂಪಿಗೆ ಹಾಕಲು ಒಂದು ಸಂದೇಶ ಬರೆದಿಟ್ಟಿದ್ದೆ. ಮೊದಲು ಮೇಷ್ಟ್ರಿಗೆ ಹೇಳುವುದು ಮರ್ಯಾದೆ ಅಂತ ಆರಕ್ಕೆ ಫೋನ್ ಮಾಡಿದೆ.

"ನಾಲ್ಕು ದಿನದಿಂದ ಫೋನಿಲ್ಲ. ಚೆಕಿಂಗ್ ಮಾಡೋನೇ ಹೋಗ್ಬಿಟ್ನಾ ಅಂದ್ಕೊಂಡೆ" ಎಂದರು.

"ಮೇಷ್ಟ್ರೇ, ನಾನು ಕ್ವಾಯರ್ ಬಿಡ್ತೀನಿ."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಅದೇ ನನ್ನ ಸಂಕಟ. ಇಷ್ಟು ವರ್ಷ ಒಬ್ರೂ ಹೇಳ್ಲಿಲ್ಲ. ನನ್ನನ್ನ ಆ ಕಂಬದ ಹತ್ರ ಯಾಕೆ ನಿಲ್ಸಿದ್ರಿ? ನಿಜ ಹೇಳಿ."

"ಕಂಬ ಅರ್ಧ ನುಂಗುತ್ತಲ್ಲ, ಅದಕ್ಕೆ."

ಒಂದು ಕ್ಷಣ ಫೋನು ಎಸೆದುಬಿಡೋಣ ಅನ್ನಿಸಿತು. "ಮೊದಲನೇ ದಿನಾನೇ ಮನೆಗೆ ಕಳಿಸ್ಬಹುದಿತ್ತಲ್ಲ ಮೇಷ್ಟ್ರೇ."

"ಕಳಿಸ್ಬೇಕು ಅಂತಾನೇ ಇದ್ದೆ. ಮುಂದಿನ ವಾರ ಹೇಳೋಣ, ಅದರ ಮುಂದಿನ ವಾರ ಹೇಳೋಣ ಅಂತ ತಳ್ಳಿದೆ. ನೀನೋ, ಎಲ್ಲರಿಗಿಂತ ಮುಂಚೆ ಬಂದು ಬೆಂಚು ಜೋಡಿಸಿ, ಪುಸ್ತಕ ಹಂಚಿ, ಮದುವಣಿಗನ ಹಾಗೆ ನಿಂತಿರ್ತಿದ್ದೆ. ನನಗೆ ಬಾಯಿ ಬರ್ಲಿಲ್ಲ. ಆಮೇಲೆ ನನ್ನ ಕೈ ನಡುಗೋಕೆ ಶುರುವಾಯ್ತು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ನಿಮಗೆಲ್ಲ ಗೊತ್ತು ಅಂತ ನನಗೂ ಗೊತ್ತು. ಈಸ್ಟರ್ ಹಾಡನ್ನ ಪಾಸ್ಟರ್ ಫೋನಲ್ಲೇ ಕೇಳಿಸಿದ್ರು. ಶುರುವಲ್ಲೇ ಯಾಕೆ ಚೆಲ್ಲಾಪಿಲ್ಲಿ ಆಯ್ತು, ಹೇಳು ನೋಡೋಣ?"

"ಎಣಿಕೆ ತಪ್ಪಿರ್ಬೇಕು."

"ಎಣಿಕೆ ಅಲ್ಲಯ್ಯಾ. ಹಾಡೋಕೆ ಮುಂಚೆ ನೀನೊಂದು ಉಸಿರು ಎಳೀತೀಯಲ್ಲ, ಕಮ್ಮಾರನ ತಿದಿ ಎಳೆದ ಹಾಗೆ. ಅದು ಕಂಬಕ್ಕೂ ಬಗ್ಗಲ್ಲ. ಮುಂದಿನ ಸಾಲಿನವರಿಗೂ ಕೇಳುತ್ತೆ. ಆರು ವರ್ಷದಿಂದ ಇಡೀ ಕ್ವಾಯರ್ ಶುರು ಮಾಡ್ತಿರೋದು ಅದನ್ನ ಕೇಳ್ಕೊಂಡು. ನನ್ನ ಕೈ ನೋಡ್ಕೊಂಡಲ್ಲ. ಈ ಸಲ ಒಬ್ಬೊಬ್ಬರೇ ಮನೇಲಿ ಹಾಡಿದ್ರು. ಅವರ ಮನೇಲಿ ನೀನಿರ್ಲಿಲ್ಲ."

ಸಮಾಧಾನಕ್ಕೆ ಹೇಳಿದ ಮಾತು, ನನಗೆ ತಿಳಿಯದೇ? ಉಸಿರು ಎಲ್ಲರೂ ಎಳೆಯುತ್ತಾರೆ. ಅದೂ ಒಂದು ವಿದ್ಯೆಯೇ? ಆದರೂ ಗುಂಪಿಗೆ ಸಂದೇಶ ಕಳಿಸಲಿಲ್ಲ. ನಾಳೆ ನೋಡೋಣ.

ಮಾತಿನ ನಡುವೆ ಅವರು ಎರಡು ಮೂರು ಸಲ ಕೆಮ್ಮಿದರು.

ಏಪ್ರಿಲ್ 19, ಭಾನುವಾರ

ಫೋನಿನಲ್ಲೇ ಆರಾಧನೆ. ಪಾಸ್ಟರ್ ಖಾಲಿ ಬೆಂಚುಗಳ ಮುಂದೆ ನಿಂತು ಮಾತಾಡಿದರು. ಅವರ ಭುಜದ ಹಿಂದೆ ಕಂಬ ಕಾಣಿಸಿತು. ಅದರ ಪಕ್ಕದಲ್ಲಿ ಯಾರೋ ನೆಲ ಒರೆಸುವ ಕೋಲು ಒರಗಿಸಿಟ್ಟಿದ್ದರು. ಅದೊಂದು ಜಾಗವೇ ಸಿಕ್ಕಿತಾ?

ನಾನು ಹಾಡಲಿಲ್ಲ. ಇವಳು ಹಾಡಿದಳು, ಈರುಳ್ಳಿ ಹೆಚ್ಚುತ್ತಾ. ಫ್ಯಾನ್ ಆರಿಸಿ ಕೂತೆ. ಸೆಕೆಗೆ ಅಂಗಿ ಬೆನ್ನಿಗಂಟಿತು. "ಕರೆಂಟ್ ಹೋಯ್ತಾ?" ಎಂದಳು. "ಹೂಂ" ಎಂದೆ.

ಸಂಜೆ ಮೇಷ್ಟ್ರಿಗೆ ಮಾತಾಡಲು ಆಗಲಿಲ್ಲ. ಒಂದು ಮಾತಿಗೆ ನಾಲ್ಕು ಕೆಮ್ಮು. ಡಾಕ್ಟರಿಗೆ ತೋರಿಸಿ ಅಂದರೆ, "ವಯಸ್ಸಾದೋರು ಕೆಮ್ಮಬಾರದಾ?" ಎಂದು ರೇಗಿದರು. ಪಾಸ್ಟರ್‌ಗೆ ತಿಳಿಸಿದ್ದೇನೆ.

ಏಪ್ರಿಲ್ 23, ಗುರುವಾರ

ಆರು ಗಂಟೆಗೆ ಎತ್ತಲಿಲ್ಲ. ಆರೂ ಹತ್ತಕ್ಕೆ ಎತ್ತಲಿಲ್ಲ. ಆರೂವರೆಯೊಳಗೆ ಹನ್ನೊಂದು ಸಲ ಮಾಡಿದೆ.

ಎರಡು ಬೀದಿ. ಬಿರುಸಾಗಿ ನಡೆದರೆ ನಾಲ್ಕು ನಿಮಿಷ. ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಓಡಿದೆ. ತಗಡಿನ ಆಚೆ ಕೂತಿದ್ದ ಪೊಲೀಸು, "ಮೇಲೆ ಹೋಗಿ ಯಜಮಾನ್ರೇ" ಎಂದ. ನಮ್ಮ ಮೇಷ್ಟ್ರು ಒಬ್ರೇ ಇದ್ದಾರೆ, ಫೋನ್ ಎತ್ತುತ್ತಿಲ್ಲ ಎಂದೆ. "ನಿಮ್ಮ ಕಟ್ಟಡದಲ್ಲೇ ಕಾಯಿಲೆ ಇದೆ. ಅದನ್ನ ಅವರಿಗೆ ಕೊಟ್ಟು ಬರ್ತೀರಾ?" ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಸರಿಯಾಗಿದ್ದುದಕ್ಕೇ ಇನ್ನೂ ಸಿಟ್ಟು ಬಂತು. ತಗಡಿಗೆ ಗುದ್ದಿದೆ. ಕೈಯ ಗೆಣ್ಣು ಸುಲಿಯಿತು, ತಗಡು ಅಲ್ಲಾಡಲಿಲ್ಲ.

ಪಾಸ್ಟರ್‌ಗೆ ಫೋನ್ ಮಾಡಿದೆ. ಅವರು ಆಂಬುಲೆನ್ಸ್ ಕರೆಸಿ ತಾವೂ ಹೋದರು. ಬಾಗಿಲು ಒಡೆಯಬೇಕಾಯಿತಂತೆ. ಹಾರ್ಮೋನಿಯಂ ಪಕ್ಕ ನೆಲದ ಮೇಲೆ ಬಿದ್ದಿದ್ದರಂತೆ. ಪ್ರಜ್ಞೆ ಇದೆ, ಉಸಿರಾಟಕ್ಕೆ ಕಷ್ಟ.

ಇವಳು ಗೆಣ್ಣಿಗೆ ಅರಿಶಿನ ಹಚ್ಚಿ, ಮಾಸ್ಕಿನ ಬಟ್ಟೆಯ ಚೂರು ಸುತ್ತಿದಳು. ನಾವಿಬ್ಬರೂ ಊಟ ಮಾಡಲಿಲ್ಲ.

ಏಪ್ರಿಲ್ 27, ಸೋಮವಾರ

ಆಸ್ಪತ್ರೆಯಿಂದ ನರ್ಸ್ ಒಬ್ಬಳು ಫೋನ್ ಮಾಡಿದಳು. "ತಾತನ ಫೋನಲ್ಲಿ ಕೊನೆಯ ಹನ್ನೊಂದು ಕರೆ ನಿಮ್ಮದೇ. ನೀವು ಮಗನಾ?" ಎಂದು ಕೇಳಿದಳು. "ಹೌದಮ್ಮಾ" ಎಂದೆ. ಬಾಯಿಗೆ ಬಂದದ್ದು ಅದು, ಏನು ಮಾಡಲಿ?

ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದ್ದಾರೆ, ಮಾತಾಡಲಾಗುವುದಿಲ್ಲ, ಆದರೆ ಕೇಳಿಸುತ್ತದೆ ಎಂದಳು. ಎರಡು ನಿಮಿಷ ಫೋನನ್ನು ಕಿವಿಯ ಹತ್ತಿರ ಹಿಡಿಯುತ್ತಾಳಂತೆ, ಏನಾದರೂ ಹೇಳಬೇಕಂತೆ.

ಇಪ್ಪತ್ತೇಳು ವರ್ಷ ಗಂಟಲು ಹರಿದುಕೊಂಡವನಿಗೆ ಒಂದು ಮಾತು ಹೊರಡಲಿಲ್ಲ. "ಮೇಷ್ಟ್ರೇ, ನಾನು" ಎಂದೆ. ಅಷ್ಟೇ. ಆ ಕಡೆ ಯಂತ್ರದ ಸದ್ದು. ಸಂಜೆಯ ಕೀರ್ತನೆ ಹಾಡೋಣ ಅಂತ ಬಾಯಿ ತೆರೆದವನು ಮುಚ್ಚಿದೆ. ಅವರ ಕೊನೆಗಾಲಕ್ಕೆ ಅದನ್ನು ಕೇಳಿಸುವುದು ನ್ಯಾಯವಲ್ಲ.

"ನೀನು ಹಾಡು" ಎಂದು ಫೋನನ್ನು ಇವಳ ಮುಂದೆ ಹಿಡಿದೆ.

"ನಾನಾ? ನನಗೆ ಶುರು ಮಾಡೋಕೆ ಬರಲ್ಲ ರೀ, ಭಯ ಆಗುತ್ತೆ" ಎಂದಳು. ಕೈಯಲ್ಲಿ ಅರ್ಧ ಹೊಲಿದ ಮಾಸ್ಕ್ ಇತ್ತು, ಅದನ್ನು ಹಿಂಡುತ್ತಿದ್ದಳು.

ನಾನು ಉಸಿರು ಎಳೆದೆ. ಅವಳು ಹಿಡಿದಳು.

ಪೂರ್ತಿ ಮೂರು ಚರಣ ಹಾಡಿದಳು. ಒಂದು ಕಡೆಯೂ ಜಾರಲಿಲ್ಲ. ಮಧ್ಯದಲ್ಲಿ ನರ್ಸ್, "ತಾತ ಕೈ ಎತ್ತಿ ಆಡಿಸ್ತಿದ್ದಾರೆ. ಏನೋ ಬೇಕು ಅಂತ ಕಾಣುತ್ತೆ" ಎಂದಳು.

"ಏನೂ ಬೇಡಮ್ಮಾ. ಅದು ನಮಗೆ" ಎಂದೆ.

ಮೇ 1, ಶುಕ್ರವಾರ

ಮೇಷ್ಟ್ರು ಹೋದರು. ಬೆಳಗಿನ ಜಾವ.

ಸಮಾಧಿಗೆ ಐದು ಜನಕ್ಕೆ ಮಾತ್ರ ಅನುಮತಿ. ಪಾಸ್ಟರ್, ಗುಂಡಿ ತೆಗೆಯುವ ಇಬ್ಬರು, ಆಸ್ಪತ್ರೆಯ ಇಬ್ಬರು. ಐವತ್ತು ವರ್ಷ ಊರಿನ ಎಲ್ಲ ಸಾವಿಗೂ ಹಾಡಿಸಿದ ಮನುಷ್ಯನನ್ನು ಹಾಡಿಲ್ಲದೆ ಮಣ್ಣಿಗೆ ಇಟ್ಟರು.

ಇಸ್ತ್ರಿ ಅಂಗಿ ತೊಟ್ಟು ಕಿಟಕಿಯ ಹತ್ತಿರ ನಿಂತಿದ್ದೆ. ಬೀದಿಯ ತುದಿಯಲ್ಲಿ ಒಂದು ಬಿಳಿ ವ್ಯಾನ್ ದಾಟಿತು. ಅದೇ ಇರಬೇಕು, ಅಥವಾ ಹಾಲಿನದೂ ಇರಬಹುದು. ಅತ್ತುಬಿಟ್ಟೆ. ದೊಡ್ಡ ದನಿಯಲ್ಲೇ ಅತ್ತೆ. ಕೆಳಗಿನ ಮನೆಯವರು ಛಾವಣಿ ಬಡಿಯಲಿಲ್ಲ.

ಮೇ 3, ಭಾನುವಾರ

ಪಾಸ್ಟರಮ್ಮ ಫೋನ್ ಮಾಡಿದರು. ಮುಂದಿನ ಭಾನುವಾರ ಮೇಷ್ಟ್ರ ನೆನಪಿನ ಆರಾಧನೆ. ಸಂಜೆಯ ಕೀರ್ತನೆಯನ್ನು ಮತ್ತೆ ಎಲ್ಲರೂ ಮನೆಯಿಂದ ಹಾಡಿ ಕಳಿಸಬೇಕು. "ಅಣ್ಣಾ, ನೀವೂ ಕಳಿಸ್ಬೇಕು. ಈ ಸಲ ನಾನು..." ಎಂದು ತಡವರಿಸಿದರು. ಪಾಪ, ಹೋದ ಸಲದ ಸುಳ್ಳು ಅವರಿಗೆ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

"ಅಮ್ಮಾ, ನಾನು ಹಾಡಲ್ಲ" ಎಂದೆ. "ಆದ್ರೆ ನನ್ನದು ಎಲ್ಲರಿಗಿಂತ ಮೊದಲು ಬರುತ್ತೆ. ನೀವು ಕೊಡೋ ಸ್ವರದ ಹಿಂದೆ ಅದನ್ನ ಹಚ್ಚಿ ಎಲ್ಲರಿಗೂ ಕಳಿಸಿ. ಎಣಿಸೋದು ಬೇಡ. ಅದನ್ನ ಕಿವಿಯಲ್ಲಿ ಕೇಳ್ಕೊಂಡು ಶುರು ಮಾಡ್ಲಿ."

"ಏನದು ಅಣ್ಣಾ?"

"ಕಳಿಸ್ತೀನಿ. ಗೊತ್ತಾಗುತ್ತೆ."

ಕಪಾಟು ಬೇಡವಾಯಿತು, ಕಂಬಳಿಯೂ ಬೇಡವಾಯಿತು. ಬಾಗಿಲ ಪಕ್ಕದ ಗೋಡೆಗೆ ಭುಜ ಆನಿಸಿ ನಿಂತೆ. ಇವಳು ಯಂತ್ರ ನಿಲ್ಲಿಸಿ, ಫ್ಯಾನ್ ಆರಿಸಿ, ಅಡುಗೆಮನೆಯ ನಲ್ಲಿಯನ್ನೂ ಬಿಗಿದು ಬಂದು ಕೂತಳು. ಕಣ್ಣು ಮುಚ್ಚಿ ಮೇಷ್ಟ್ರ ಭುಜ ನೆನೆಸಿಕೊಂಡೆ. ಅದು ಮೇಲೇರಿತು.

ಮೂರು ಸೆಕೆಂಡು. ಒಂದೇ ಸಲಕ್ಕೆ ಸರಿಯಾಯಿತು.

ಆಮೇಲೆ ಇವಳದನ್ನು ರೆಕಾರ್ಡ್ ಮಾಡಿದೆ. ಒಲ್ಲೆ ಒಲ್ಲೆ ಎಂದಳು. ಪಾಸ್ಟರಮ್ಮನಿಗೆ ಆಗಲೇ ಹೇಳಿಬಿಟ್ಟಿದ್ದೇನೆ ಎಂದು ಸುಳ್ಳು ಹೇಳಿದೆ. ಮನೆಗೊಬ್ಬರು ಸಾಕು ಎಂದದ್ದು ನಾನೇ ತಾನೆ, ಹಾಗಿದ್ದರೆ ಅದು ಇವಳೇ ಆಗಬೇಕಿತ್ತು.

ಮೇ 10, ಭಾನುವಾರ

ತಗಡು ಇನ್ನೂ ಇದೆ. ನಾಲ್ಕು ದಿನ ಬಾಕಿ.

ಆರಾಧನೆಯ ಕೊನೆಗೆ ವಿಡಿಯೋ ಹಾಕಿದರು. ಇಪ್ಪತ್ತೈದು ಕಿಟಕಿ. ಕೆಳಗಿನ ಸಾಲಿನ ಕೊನೆಯಲ್ಲಿ ನಾನು, ನನ್ನ ಪಕ್ಕದಲ್ಲಿ ಇವಳು. ಇವಲ್ಲದೆ ಎಲ್ಲರ ನಟ್ಟನಡುವೆ ಇನ್ನೊಂದು ಚೌಕವನ್ನು ಪಾಸ್ಟರಮ್ಮ ಖಾಲಿ ಬಿಟ್ಟಿದ್ದರು. ಅದು ಯಾರ ಜಾಗ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ.

ಆರ್ಗನ್ ಸ್ವರ ಬಂದು ನಿಂತಿತು. ಆಮೇಲೆ ನನ್ನ ಉಸಿರು. ಅಬ್ಬಾ, ಎಷ್ಟು ದೊಡ್ಡದು ಅದು! ಮೇಷ್ಟ್ರು ತಿದಿ ಅಂದದ್ದು ತಪ್ಪಲ್ಲ. ನಾಚಿಕೆಯಾಗಿ ಫೋನು ಕೆಳಗಿಡಬೇಕೆನ್ನುವಷ್ಟರಲ್ಲಿ ಇಪ್ಪತ್ತನಾಲ್ಕು ಬಾಯಿ ಒಟ್ಟಿಗೆ ತೆರೆದವು. ನನ್ನ ಬಾಯಿ ಮುಚ್ಚಿಯೇ ಇತ್ತು, ಕೊನೆಯವರೆಗೂ.

ಎಲ್ಲರೂ ಒಂದೇ ಸಲಕ್ಕೆ ಹತ್ತಿಕೊಂಡರು. ಸ್ಟಾಪಿನಲ್ಲಿ ಒಬ್ಬರೂ ಉಳಿಯಲಿಲ್ಲ.

"ಇನ್ನೊಂದ್ಸಲ ಹಾಕ್ರೀ, ಶುರುವಿಂದ" ಎಂದಳು ಇವಳು.